ರಾಗಿ ಮಾಲ್ಟ್: ಲೆಕ್ಕವಿಟ್ಟು ನಡೆಸಿದರೆ ಲಾಭ ತರುವ ಮನೆ ಉದ್ದಿಮೆ

ತುಮಕೂರು, ಕೋಲಾರ, ಹಾಸನ, ಮಂಡ್ಯ ಮತ್ತು ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ರೈತ ಕುಟುಂಬಗಳಿಗೆ ರಾಗಿ ಹೊಸದಲ್ಲ. ಬೆಳೆದ ರಾಗಿಯಲ್ಲಿ ಮನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮಾರುವುದು ವಾಡಿಕೆ. ಇತ್ತೀಚಿನ ವರ್ಷಗಳಲ್ಲಿ, ಅದರಲ್ಲೂ 2023ನೆಯ ಇಸವಿಯನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ, ಪಟ್ಟಣಗಳಲ್ಲಿ ರಾಗಿ ಮಾಲ್ಟಿಗೆ ಬೇಡಿಕೆ ಕಂಡುಬಂದಿದೆ. ಇದನ್ನು ನೋಡಿ ಅನೇಕ ಕುಟುಂಬಗಳು ಮನೆಯಲ್ಲೇ ಮಾಲ್ಟ್ ತಯಾರಿಸಿ ಮಾರಲು ಮುಂದೆ ಬಂದಿವೆ.

ಹೀಗೆ ಆರಂಭಿಸಿದವರಲ್ಲಿ ಕೆಲವರು ಕೆಲವೇ ತಿಂಗಳಲ್ಲಿ ಕೈಬಿಡುತ್ತಾರೆ. ಅವರ ಹಿಟ್ಟು ಕೆಟ್ಟದ್ದೆಂದು ಹೇಳುವಂತಿಲ್ಲ. "ವ್ಯಾಪಾರವೇನೋ ಆಯಿತು, ಕೈಯಲ್ಲಿ ಮಾತ್ರ ಏನೂ ಉಳಿಯಲಿಲ್ಲ" ಎನ್ನುತ್ತಾರೆ. ಮನೆಯ ರಾಗಿಗೂ ಮನೆಯವರ ದುಡಿಮೆಗೂ ಬೆಲೆ ಕಟ್ಟದೆ ಪೊಟ್ಟಣದ ದರ ನಿಗದಿ ಮಾಡುವುದೇ ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ಈ ಲೇಖನದಲ್ಲಿ ಮಾಲ್ಟ್ ತಯಾರಿಸುವ ಕ್ರಮದ ಜೊತೆಗೆ ಅದರ ಲೆಕ್ಕವನ್ನೂ ವಿವರವಾಗಿ ಕೊಡಲಾಗಿದೆ.

ಮಾಲ್ಟ್ ಎಂದರೇನು?

ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೆಚ್ಚಗೆ ಮಾಡಿ ಬೀಸಿದ ಹಿಟ್ಟೇ ಮಾಲ್ಟ್. ರಾಗಿಯನ್ನು ಅರಳಿಸಿ ಬೀಸುವ ಹುರಿಹಿಟ್ಟು ಬೇರೆ, ಇದು ಬೇರೆ. ಮೊಳಕೆಯೊಡೆಯುವಾಗ ಕಾಳಿನೊಳಗೆ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಇದರಿಂದ ಹಿಟ್ಟಿಗೆ ನವಿರಾದ ಸಿಹಿಯೂ ಪರಿಮಳವೂ ಬರುತ್ತವೆ. ಈ ಹಿಟ್ಟಿನಿಂದ ಮಾಡಿದ ಗಂಜಿ ತೆಳ್ಳಗಿರುತ್ತದೆ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿ ಕುದಿಸಿದರೂ ಕುಡಿಯುವಂತಿರುತ್ತದೆ. ಒಂದು ಲೋಟ ಗಂಜಿಯಲ್ಲಿ ಹೆಚ್ಚು ಆಹಾರ ದೊರೆಯುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ 1970 ಮತ್ತು 80ರ ದಶಕಗಳಲ್ಲಿ ಈ ಬಗ್ಗೆ ಸಂಶೋಧನೆಗಳು ನಡೆದಿವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಸುಣ್ಣದಂಶವಿದೆ. ಮೊಳಕೆ ಬರಿಸುವುದರಿಂದ ಕಬ್ಬಿಣದಂಶವು ದೇಹಕ್ಕೆ ದಕ್ಕುವುದು ಸುಲಭವಾಗುತ್ತದೆ.

ರಾಗಿಯ ಆಯ್ಕೆ

ಮಾಲ್ಟಿನ ಗುಣ ಹೊಲದಲ್ಲೇ ಆರಂಭವಾಗುತ್ತದೆ. ಜಿಪಿಯು-28, ಎಂಎಲ್-365 ಮುಂತಾಗಿ ನಿಮ್ಮಲ್ಲಿ ಚೆನ್ನಾಗಿ ಬರುವ ಯಾವುದೇ ಸುಧಾರಿತ ತಳಿಯಿರಲಿ, ಕಾಳು ಒಂದೇ ತಳಿಯದಾಗಿರಬೇಕು. ತಳಿಗಳು ಬೆರೆತರೆ ಮೊಳಕೆ ಒಂದೇ ಸಮ ಬರುವುದಿಲ್ಲ. ಕಟಾವಿನ ಸಮಯದಲ್ಲಿ ಮಳೆಗೆ ಸಿಕ್ಕಿ ಕಪ್ಪಾದ ರಾಗಿಯನ್ನು ಬಳಸಬೇಡಿ.

ಮೊದಲು ಮೊಳಕೆ ಪರೀಕ್ಷೆ ಮಾಡಿ. 100 ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎರಡು ದಿನಗಳ ನಂತರ 90ಕ್ಕಿಂತ ಕಡಿಮೆ ಕಾಳು ಮೊಳೆತಿದ್ದರೆ ಆ ರಾಗಿಯನ್ನು ಮುದ್ದೆಗೆ ಇಟ್ಟುಕೊಳ್ಳಿ, ಮಾಲ್ಟಿಗೆ ಬೇಡ. ಮೊಳೆಯದ ಕಾಳು ನೀರಿನಲ್ಲಿ ಕೊಳೆತು ಇಡೀ ರಾಶಿಗೆ ಹುಳಿ ವಾಸನೆ ತರುತ್ತದೆ. ಹಗೇವಿನಿಂದ ತೆಗೆದ ರಾಗಿಯನ್ನಂತೂ ಪರೀಕ್ಷೆ ಮಾಡದೆ ಬಳಸಲೇಬಾರದು.

ಬಿತ್ತನೆಗೆಂದು ಔಷಧ ಬೆರೆಸಿದ ಬೀಜವನ್ನು ಯಾವ ಕಾರಣಕ್ಕೂ ಮಾಲ್ಟಿಗೆ ಬಳಸಬಾರದು. ಅದು ತೊಳೆದರೆ ಹೋಗುವ ವಿಷವಲ್ಲ.

ತಯಾರಿಸುವ ಕ್ರಮ

1. ಮೊರದಲ್ಲಿ ಕೇರಿ, ಜರಡಿಯಾಡಿ ಕಲ್ಲು, ಮಣ್ಣು, ಜೊಳ್ಳು ತೆಗೆಯಿರಿ. ಕುಡಿಯಲು ಯೋಗ್ಯವಾದ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಿರಿ.

2. ಸಂಜೆ ನೆನೆಹಾಕಿ. ಸುಮಾರು 12 ಗಂಟೆ ನೆನೆಯಬೇಕು. ಮಲಗುವ ಮುನ್ನ ಒಂದು ಸಲ ನೀರು ಬದಲಾಯಿಸಿ.

3. ಬೆಳಿಗ್ಗೆ ನೀರು ಬಸಿದು, ಕುದಿಸಿ ಒಗೆದ ಬಿಳಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡಿ. ಬೇಸಿಗೆಯಲ್ಲಿ 24 ಗಂಟೆ ಸಾಕು. ಚಳಿಗಾಲದಲ್ಲಿ 48 ಗಂಟೆ ಬೇಕಾಗಬಹುದು. ಬೆಳಿಗ್ಗೆ ಕಟ್ಟಿದ್ದನ್ನು ಬೆಳಿಗ್ಗೆಯೇ ಬಿಚ್ಚಿದರೆ ಇಡೀ ದಿನದ ಬಿಸಿಲು ಸಿಗುತ್ತದೆ. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ, ಕೈಯಾಡಿಸಿ ಗಾಳಿ ಕೊಡಿ.

4. ಮೊಳಕೆ ಚೆನ್ನಾಗಿ ಕಾಣಿಸಿಕೊಂಡ ಕೂಡಲೇ ಬಿಸಿಲಿನಲ್ಲಿ ಶುಭ್ರವಾದ ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಮೇಲೆ ಇನ್ನೊಂದು ತೆಳು ಬಟ್ಟೆ ಹೊದಿಸಿ. ಹಲ್ಲಿನಲ್ಲಿ ಕಡಿದರೆ "ಟಕ್" ಎಂದು ಒಡೆಯುವಂತೆ ಒಣಗಬೇಕು.

5. ಒಣಗಿದ ಕಾಳನ್ನು ಒರಟು ಬಟ್ಟೆಯಲ್ಲಿ ಉಜ್ಜಿ ಬೇರುಗಳನ್ನು ಉದುರಿಸಿ ಕೇರಿರಿ. ಬೇರು ಉಳಿದರೆ ಹಿಟ್ಟು ಕಹಿಯಾಗುತ್ತದೆ.

6. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗಿ ಪರಿಮಳ ಬಂದರೆ ಸಾಕು. ಕಾಳು ಅರಳಬಾರದು, ಸೀಯಬಾರದು. ಉರಿ ಹೆಚ್ಚಾದರೆ ಕಿಣ್ವ ಸತ್ತುಹೋಗಿ ಮಾಲ್ಟಿನ ಗುಣ ಕಳೆದುಹೋಗುತ್ತದೆ.

7. ಪೂರ್ತಿ ಆರಿದ ಮೇಲೆ ಗಿರಣಿಗೆ ಒಯ್ಯಿರಿ. ಮೆಣಸಿನಕಾಯಿ ಬೀಸಿದ ಕಲ್ಲಿನಲ್ಲಿ ಮಾಲ್ಟ್ ಬೀಸಬಾರದು. ಬೆಳಿಗ್ಗೆ ಗಿರಣಿ ತೆರೆದ ಕೂಡಲೇ ಮೊದಲಿಗರಾಗಿ ಹೋಗಿ, ಮೊದಲು ಬಂದ ಅರ್ಧ ಕಿಲೋ ಹಿಟ್ಟನ್ನು ಬೇರೆ ತೆಗೆದು ಮನೆಗೆ ಬಳಸಿಕೊಳ್ಳಿ.

8. ಹಿಟ್ಟು ತಣಿದ ಮೇಲೆ ಜರಡಿ ಹಿಡಿದು ಪೊಟ್ಟಣ ಕಟ್ಟಿ. ಬಿಸಿಯಿರುವಾಗಲೇ ಕಟ್ಟಿದರೆ ಒಳಗೆ ಬೆವರು ಕಟ್ಟಿ ಗಂಟಾಗುತ್ತದೆ, ಬೂಷ್ಟು ಹಿಡಿಯುತ್ತದೆ.

ಮೋಡ ಮುಸುಕಿದ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಮೊಳೆತ ಕಾಳು ಒಂದು ದಿನ ಒಣಗದೆ ಕುಳಿತರೂ ಬೂಷ್ಟು ಬರುತ್ತದೆ. ಒಲೆಯ ಮೇಲೆ ಹುರಿದರೆ ಬೂಷ್ಟಿನ ವಾಸನೆ ಮುಚ್ಚಿಹೋಗಬಹುದು. ಅದರ ದೋಷ ಹೋಗುವುದಿಲ್ಲ. ಹೊಸ ರಾಗಿ ಕೈಗೆ ಬರುವ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಕಾಲ ಈ ಉದ್ದಿಮೆಗೆ ಸೂಕ್ತ. ಯಂತ್ರದ ಒಣಗೂಡು ಇಲ್ಲದವರು ಮಳೆಗಾಲದಲ್ಲಿ ತಯಾರಿಕೆ ನಿಲ್ಲಿಸುವುದೇ ಲೇಸು.

ಲೆಕ್ಕ ತಪ್ಪುವುದು ಎಲ್ಲಿ?

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಕುಟುಂಬ ವಾರಕ್ಕೊಮ್ಮೆ 20 ಕಿಲೋ ರಾಗಿಯ ಮಾಲ್ಟ್ ಮಾಡುತ್ತದೆ ಎಂದಿಟ್ಟುಕೊಳ್ಳಿ. ಕಸಕಡ್ಡಿ, ಬೇರು, ಜರಡಿಯ ಮೇಲೆ ಉಳಿಯುವ ತೌಡು ಎಲ್ಲ ಕಳೆದು 15 ಕಿಲೋ ಹಿಟ್ಟು, ಅಂದರೆ ಅರ್ಧ ಕಿಲೋದ 30 ಪೊಟ್ಟಣ ಸಿಕ್ಕವೆನ್ನೋಣ. ಅದರಲ್ಲಿ ಎರಡು ಹರಿದೋ ಹಿಂತಿರುಗಿಯೋ ನಷ್ಟವಾದರೆ ಮಾರಾಟಕ್ಕೆ ಉಳಿಯುವುದು 28. ಇಲ್ಲಿ ಕೊಟ್ಟಿರುವ ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದರ ಹಾಕಿ ನೋಡಿಕೊಳ್ಳಿ.

ಸಾಮಾನ್ಯವಾಗಿ ಮನೆಯಲ್ಲಿ ಹಾಕುವ ಲೆಕ್ಕ ಹೀಗಿರುತ್ತದೆ: "ರಾಗಿ ನಮ್ಮ ಹೊಲದ್ದು. ಕೆಲಸ ಮನೆಯ ಹೆಂಗಸರದ್ದು. ಖರ್ಚೆಂದರೆ ಗ್ಯಾಸಿಗೆ 100, ಗಿರಣಿಗೆ 120, ಪೊಟ್ಟಣ ಮತ್ತು ಚೀಟಿಗೆ 180, ಬಸ್ಸಿಗೆ 60. ಒಟ್ಟು 460 ರೂಪಾಯಿ. ಪೊಟ್ಟಣಕ್ಕೆ 60 ರೂ. ಇಟ್ಟು ಅಂಗಡಿಯವನಿಗೆ 12 ರೂ. ಬಿಟ್ಟರೂ ನಮಗೆ 48 ಬರುತ್ತದೆ. 28 ಪೊಟ್ಟಣಕ್ಕೆ 1,344 ರೂ. ಖರ್ಚು ಕಳೆದರೆ 884 ರೂ. ಲಾಭ."

ಇದು ನಿಜವಾಗಿ ಲಾಭವೇ? 2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂ. ಸುಲಭಕ್ಕೆ ಕಿಲೋಗೆ 50 ರೂ. ಎಂದು ಹಿಡಿದರೆ ಆ 20 ಕಿಲೋ ರಾಗಿಯ ಬೆಲೆಯೇ 1,000 ರೂ. ಯಾವ ಶ್ರಮವೂ ಇಲ್ಲದೆ ಚೀಲ ಹೊತ್ತು ಮಾರಿದ್ದರೆ ಆ ಹಣ ಬರುತ್ತಿತ್ತು. ಮಾಲ್ಟ್ ಮಾಡಿ ಮಾರಿದಾಗ ಬಂದದ್ದು 884 ರೂ. ಅಂದರೆ ಮನೆಯ ಹೆಣ್ಣುಮಕ್ಕಳು ವಾರದಲ್ಲಿ ಎರಡು ದಿನಕ್ಕೂ ಹೆಚ್ಚು ದುಡಿದು, 116 ರೂ. ಕಳೆದುಕೊಂಡಂತಾಯಿತು. ಹಣ ಪ್ರತಿ ವಾರ ಕೈಗೆ ಬರುತ್ತಿರುವುದರಿಂದ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ. ರಾಗಿಯ ಕಣಜ ಬರಿದಾದಾಗ ಮಾತ್ರ ತಿಳಿಯುತ್ತದೆ.

ಸರಿಯಾದ ಲೆಕ್ಕ

20 ಕಿಲೋ ರಾಗಿಗೆ ಪೂರ್ಣ ಖರ್ಚು ಹೀಗಿದೆ:

ರಾಗಿ, ಮಾರುಕಟ್ಟೆ ದರದಲ್ಲಿ: 1,000 ರೂ.
ಉರುವಲು: 100 ರೂ.
ಗಿರಣಿ ಮತ್ತು ಸಾಗಾಣಿಕೆ: 120 ರೂ.
ಪೊಟ್ಟಣ, ಚೀಟಿ: 180 ರೂ.
ದುಡಿಮೆ, 2 ದಿನ, ದಿನಕ್ಕೆ 400 ರೂ.ನಂತೆ: 800 ರೂ.
ಅಂಗಡಿಗೆ ತಲುಪಿಸಲು ಅರ್ಧ ದಿನದ ಕೂಲಿ 200 ಮತ್ತು ಬಸ್ಸಿಗೆ 60: 260 ರೂ.
ಪಾತ್ರೆ, ಯಂತ್ರದ ಸವಕಳಿ, ನೋಂದಣಿ ಇತ್ಯಾದಿ: 100 ರೂ.
ಒಟ್ಟು: 2,560 ರೂ.

ಇದನ್ನು 28 ಪೊಟ್ಟಣಕ್ಕೆ ಹಂಚಿದರೆ ಒಂದು ಪೊಟ್ಟಣದ ಅಸಲು ಖರ್ಚು 91 ರೂ.ಗಿಂತ ಸ್ವಲ್ಪ ಹೆಚ್ಚು. ಅಂಗಡಿಯವನು ಮಾರಾಟ ಬೆಲೆಯಲ್ಲಿ ಶೇಕಡಾ 20 ಇಟ್ಟುಕೊಳ್ಳುವುದಾದರೆ, ಚೀಟಿಯ ಮೇಲೆ 115 ರೂ. ಹಾಕಿದಾಗ ನಿಮಗೆ 92 ರೂ. ಬಂದು ಅಸಲು ಹುಟ್ಟುತ್ತದೆ. ಲಾಭ ಎನ್ನುವುದು ಅದರ ಮೇಲಿನದು.

ಈ ದರಕ್ಕೆ ಗಿರಾಕಿ ಸಿಗದಿದ್ದರೆ ಏನು ಮಾಡಬೇಕು? ಮೂರು ದಾರಿಗಳಿವೆ.

ಮೊದಲನೆಯದು, ಒಂದು ಸಲಕ್ಕೆ ಮಾಡುವ ಪ್ರಮಾಣವನ್ನು ಹೆಚ್ಚಿಸುವುದು. ರಾಗಿ ಇಮ್ಮಡಿಯಾದರೆ ದುಡಿಮೆ ಇಮ್ಮಡಿಯಾಗುವುದಿಲ್ಲ. 40 ಕಿಲೋಗೆ ನಾಲ್ಕರ ಬದಲು ಮೂರು ದಿನದ ಕೂಲಿ ಸಾಕು; ಬಸ್ಸಿನ ಖರ್ಚು ಅಷ್ಟೇ ಇರುತ್ತದೆ. ರಾಗಿಗೆ 2,000, ಉರುವಲಿಗೆ 180, ಗಿರಣಿಗೆ 240, ಪೊಟ್ಟಣಕ್ಕೆ 360, ದುಡಿಮೆಗೆ 1,200, ತಲುಪಿಸಲು 260, ಇತರೆ 150 ಎಂದರೆ ಒಟ್ಟು 4,390 ರೂ. 56 ಪೊಟ್ಟಣಕ್ಕೆ ಹಂಚಿದರೆ ಒಂದಕ್ಕೆ 78 ರೂ. ಚಿಲ್ಲರೆ. ಆದರೆ 56 ಪೊಟ್ಟಣಕ್ಕೆ ಗಿರಾಕಿ ಇದ್ದರೆ ಮಾತ್ರ ಈ ದಾರಿ ಹಿಡಿಯಬೇಕು. ಮಾರಾಟವಾಗದೆ ಉಳಿದ ಹಿಟ್ಟಿಗಿಂತ ಚೀಲದಲ್ಲಿರುವ ರಾಗಿ ಮೇಲು. ರಾಗಿ ವರ್ಷಗಟ್ಟಲೆ ಉಳಿಯುತ್ತದೆ, ಹಿಟ್ಟು ಉಳಿಯುವುದಿಲ್ಲ.

ಎರಡನೆಯದು, ಅಂಗಡಿಯನ್ನು ಬಿಟ್ಟು ನೇರವಾಗಿ ಮಾರುವುದು. ವಾರದ ಸಂತೆ, ಪಟ್ಟಣದಲ್ಲಿರುವ ನೆಂಟರಿಷ್ಟರ ಬಡಾವಣೆ, ಸ್ವಸಹಾಯ ಸಂಘದ ಮಳಿಗೆ, ಕೃಷಿ ಮೇಳ, ಇವೆಲ್ಲ ಒಳ್ಳೆಯ ಜಾಗಗಳು. 20 ಕಿಲೋದ ಲೆಕ್ಕದಲ್ಲೇ ಪೊಟ್ಟಣವನ್ನು 110 ರೂ.ಗೆ ನೇರವಾಗಿ ಮಾರಿದರೆ 28 ಪೊಟ್ಟಣಕ್ಕೆ 3,080 ರೂ. ಬರುತ್ತದೆ. ಕೂಲಿಯೆಲ್ಲ ಕಳೆದು 520 ರೂ. ಉಳಿಯುತ್ತದೆ. ಇಂತಹ ಖಾಯಂ ಗಿರಾಕಿಗಳ 20 ಮನೆ ಸಿಕ್ಕರೆ ಅದೇ ಒಂದು ಅಂಗಡಿಗೆ ಸಮ.

ಮೂರನೆಯದು, ಮಾಲ್ಟ್ ಮಾಡದೆ ರಾಗಿಯನ್ನೇ ಮಾರುವುದು. ಲೆಕ್ಕ ಹಾಗೆ ಹೇಳಿದರೆ ಅದಕ್ಕೆ ನಾಚಿಕೆಪಡಬೇಕಾಗಿಲ್ಲ. ನಷ್ಟವಾಗುವ ಉದ್ದಿಮೆಯನ್ನು ಆರಂಭಿಸದೆ ಬಿಟ್ಟವರು ಅಷ್ಟು ಹಣ ಗಳಿಸಿದಂತೆಯೇ.

ಕೂಲಿ ಕಾಗದದ ಮೇಲೆ ಉಳಿಯಬಾರದು

ದುಡಿಮೆಯ 800 ರೂ. ಲೆಕ್ಕದ ಪುಸ್ತಕದಲ್ಲಿ ಬರೆದರೆ ಸಾಲದು. ಪ್ರತಿ ವಾರ ಮಾರಾಟದ ಹಣದಿಂದ ಮೊದಲು ಅದನ್ನು ತೆಗೆದು ದುಡಿದವರ ಕೈಗೆ ಕೊಡಬೇಕು, ಅಥವಾ ಅವರ ಹೆಸರಿನ ಬ್ಯಾಂಕ್ ಖಾತೆಗೆ ಹಾಕಬೇಕು. ಮನೆ ಯಜಮಾನರು ಇಲ್ಲಿ ಗಮನವಿಡಬೇಕು. ನಾಟಿಗೆ, ಕಳೆಗೆ ಹೊರಗಿನ ಆಳು ಬಂದರೆ ಸಂಜೆ ಕೂಲಿ ಎಣಿಸಿ ಕೊಡುತ್ತೀರಿ. ಬಿಸಿಲಿನಲ್ಲಿ ಕಾಳು ಉಜ್ಜಿ, ಒಲೆಯ ಮುಂದೆ ಬೆವರು ಸುರಿಸಿದ ಹೆಂಡತಿ, ಸೊಸೆ, ತಾಯಿಯ ದುಡಿಮೆಗೆ ಬೆಲೆ ಇಲ್ಲವೆಂದರೆ ಉದ್ದಿಮೆಯ ಲಾಭ ಅವರ ಬೆನ್ನಿನಿಂದ ಬಂದಂತೆ. ಅಂತಹ ಉದ್ದಿಮೆ ಹೆಚ್ಚು ದಿನ ನಡೆಯುವುದೂ ಇಲ್ಲ. ಮನೆಯಲ್ಲಿ ಬಾಣಂತನವೋ ಕಾಯಿಲೆಯೋ ಬಂದು ಒಂದು ವಾರ ಹೊರಗಿನವರನ್ನು ಕರೆದ ಕೂಡಲೇ ಲಾಭವೆಲ್ಲ ಕರಗಿ ಹೋಗುತ್ತದೆ. ಕೂಲಿ ಸೇರಿಸಿ ದರ ಕಟ್ಟಿದವರಿಗೆ ಈ ಭಯವಿಲ್ಲ.

ಉದ್ರಿಯ ವಿಷಯದಲ್ಲಿ ಎಚ್ಚರಿಕೆ

ಅಂಗಡಿಯವರು "ಮಾರಾಟವಾದ ಮೇಲೆ ಕೊಡುತ್ತೇನೆ" ಎನ್ನುವುದು ವಾಡಿಕೆ. ನಾಲ್ಕು ವಾರ ಉದ್ರಿ ಕೊಟ್ಟರೆ, ಮೊದಲ ರೂಪಾಯಿ ಕೈಗೆ ಬರುವ ಮುನ್ನವೇ ನಿಮ್ಮ 10,240 ರೂ. ಮೌಲ್ಯದ ರಾಗಿ, ದುಡಿಮೆ, ಹಣ ಅಂಗಡಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಆದ್ದರಿಂದ ಒಂದು ನಿಯಮ ಮಾಡಿಕೊಳ್ಳಿ: ಹಿಂದಿನ ಸಲದ ಹಣ ಬಂದ ಮೇಲೆಯೇ ಮುಂದಿನ ಸಲದ ಪೊಟ್ಟಣ. ಆರಂಭದಲ್ಲಿ ಒಂದು ಅಂಗಡಿಗೆ ಐದಾರು ಪೊಟ್ಟಣಕ್ಕಿಂತ ಹೆಚ್ಚು ಇಡಬೇಡಿ. ಕೊಟ್ಟ ದಿನ, ಸಂಖ್ಯೆ ಬರೆದು ಅಂಗಡಿಯವರ ಸಹಿ ಪಡೆಯಿರಿ.

ಒಂದು ನೋಟ್ ಪುಸ್ತಕವಿಟ್ಟು ತಾರೀಖು, ಖರ್ಚು, ಜಮಾ, ಉದ್ರಿ ಎಂದು ನಾಲ್ಕು ಕಲಂ ಹಾಕಿ ದಿನದಿನದ್ದನ್ನು ಅಂದೇ ಬರೆಯಿರಿ. ಉದ್ದಿಮೆಯ ಹಣಕ್ಕೆ ಬೇರೆ ಡಬ್ಬಿ ಇರಲಿ. ಮನೆಯ ಸಾಮಾನಿಗೆ ಅದರಿಂದ ಕೈಗಡ ತೆಗೆದರೆ ಅದನ್ನೂ ಬರೆಯಬೇಕು. ಮಾಲ್ಟ್ ಪೊಟ್ಟಣ ನೆಂಟರಿಗೆ ಕೊಟ್ಟರೆ ಅದೂ ಖರ್ಚೇ.

ನೋಂದಣಿ ಮತ್ತು ಚೀಟಿ

ಮನೆಯಲ್ಲಿ ತಯಾರಿಸಿದರೂ ಆಹಾರ ಮಾರುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಗೆ ಒಳಪಡುತ್ತಾರೆ. ಸಣ್ಣ ಪ್ರಮಾಣದ ತಯಾರಕರಿಗೆ ದೊಡ್ಡ ಪರವಾನಗಿ ಬೇಕಿಲ್ಲ, ಸರಳ ನೋಂದಣಿ ಸಾಕು. 2011ರಲ್ಲಿ ನಿಯಮಗಳು ಬಂದಾಗ ಇದಕ್ಕೆ ವಾರ್ಷಿಕ ವಹಿವಾಟಿನ ಮಿತಿಯನ್ನು 12 ಲಕ್ಷ ರೂ. ಎಂದು ಗೊತ್ತುಮಾಡಲಾಗಿತ್ತು. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಮಿತಿ ಮತ್ತು ಶುಲ್ಕವನ್ನು ನಿಮ್ಮ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗಳಿಂದ ತಿಳಿದುಕೊಳ್ಳಿ. ನೋಂದಣಿಯಾದ ಮೇಲೆ ಸಿಗುವ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು.

ಚೀಟಿಯಲ್ಲಿ ಪದಾರ್ಥದ ಹೆಸರು, ಅದರಲ್ಲಿ ಏನೇನಿದೆ ಎಂಬ ಪಟ್ಟಿ, ನಿವ್ವಳ ತೂಕ, ತಯಾರಕರ ಹೆಸರು ವಿಳಾಸ, ತಯಾರಿಸಿದ ಮತ್ತು ಬಳಸಬಹುದಾದ ಕೊನೆಯ ತಾರೀಖು, ತಂಡದ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರಿಗಾಗಿ ಫೋನ್ ಸಂಖ್ಯೆ ಮತ್ತು ಸಸ್ಯಾಹಾರದ ಹಸಿರು ಗುರುತು ಇರಬೇಕು. ಅಚ್ಚು ಹಾಕಿಸುವ ಮೊದಲು ಚೀಟಿಯ ಮಾದರಿಯನ್ನು ಅಧಿಕಾರಿಗಳಿಗೆ ತೋರಿಸಿದರೆ ಸಾವಿರಾರು ಚೀಟಿ ವ್ಯರ್ಥವಾಗುವುದು ತಪ್ಪುತ್ತದೆ. "ಚೆನ್ನಾಗಿ ಕುದಿಸಿ ಬಳಸಿ" ಎಂಬ ಸೂಚನೆಯನ್ನು ಮರೆಯದೆ ಹಾಕಿ. ಮೊಳಕೆ ಬರಿಸುವ ತೇವದಲ್ಲಿ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ. ಕುದಿಸುವುದು ಅದಕ್ಕೆ ಪರಿಹಾರ.

"ಶಿಶುಗಳ ಆಹಾರ" ಎಂದಾಗಲಿ, "ಸಕ್ಕರೆ ಕಾಯಿಲೆ ಗುಣವಾಗುತ್ತದೆ" ಎಂದಾಗಲಿ ಬರೆಯಬೇಡಿ. ಶಿಶು ಆಹಾರಕ್ಕೆ ಬೇರೆಯೇ ಕಟ್ಟುನಿಟ್ಟಿನ ಕಾನೂನುಗಳಿವೆ. ಕಾಯಿಲೆ ಗುಣಪಡಿಸುವ ಮಾತು ಆಹಾರದ ಚೀಟಿಯ ಮೇಲೆ ಇರಕೂಡದು.

ಬಳಕೆಯ ಅವಧಿಯನ್ನು ಬೇರೆಯವರ ಪೊಟ್ಟಣ ನೋಡಿ ಬರೆಯಬೇಡಿ. ಪ್ರತಿ ತಂಡದಿಂದ ಮೂರು ಪೊಟ್ಟಣ ಎತ್ತಿಟ್ಟು, ಒಂದೊಂದು ತಿಂಗಳಿಗೆ ಒಂದನ್ನು ಒಡೆದು ವಾಸನೆ, ರುಚಿ, ಹುಳು, ಗಂಟು ಪರೀಕ್ಷಿಸಿ. ಎಷ್ಟು ಕಾಲ ಕೆಡದೆ ಇತ್ತೋ ಅದಕ್ಕಿಂತ ಕಡಿಮೆ ಅವಧಿಯನ್ನೇ ಚೀಟಿಯಲ್ಲಿ ಹಾಕಿ.

ಸಾಲ ಯಾವಾಗ?

ಮೊದಲ ಮೂರು ತಿಂಗಳು ಮನೆಯಲ್ಲಿರುವ ಪಾತ್ರೆ, ಊರಿನ ಗಿರಣಿಯಲ್ಲೇ ನಡೆಸಿ. ಹೊಸದಾಗಿ ಬೇಕಾಗುವುದು ಒಳ್ಳೆಯ ತಕ್ಕಡಿ ಮತ್ತು ಪೊಟ್ಟಣದ ಬಾಯಿ ಬೆಸೆಯುವ ಸಣ್ಣ ಯಂತ್ರ ಮಾತ್ರ. ಮೂರು ತಿಂಗಳ ಕೊನೆಗೆ ಪುಸ್ತಕ ತೆರೆದು ನೋಡಿ. ರಾಗಿಯ ಬೆಲೆ ಮತ್ತು ಕೂಲಿ ಪೂರ್ತಿ ಹುಟ್ಟಿ, ಉದ್ರಿ ಬಾಕಿ ಒಂದು ವಾರದ ತಯಾರಿಕೆಗಿಂತ ಕಡಿಮೆ ಇದ್ದು, ಮೊದಲು ಕೊಂಡವರೇ ಮತ್ತೆ ಕೊಳ್ಳುತ್ತಿದ್ದರೆ ಆಗ ಬೆಳೆಸುವ ಯೋಚನೆ ಮಾಡಬಹುದು.

ಯಂತ್ರೋಪಕರಣಗಳಿಗೆ ಸರ್ಕಾರದ ನೆರವು ಉಂಟು. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬ್ಯಾಂಕ್ ಸಾಲಕ್ಕೆ ಜೋಡಿಸಿ ಯೋಜನಾ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂ.ವರೆಗೆ ಸಹಾಯಧನ ಮತ್ತು ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂ.ವರೆಗೆ ಬೀಜಧನ ಗೊತ್ತುಮಾಡಲಾಗಿತ್ತು. ಕರ್ನಾಟಕದಲ್ಲಿ ಇದನ್ನು ಕೆಪೆಕ್ ಸಂಸ್ಥೆಯ ಮೂಲಕ ನಡೆಸಲಾಯಿತು. ನೀವು ವಿಚಾರಿಸುವ ವರ್ಷ ಜಾರಿಯಲ್ಲಿರುವ ನೆರವಿನ ವಿವರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬ್ಯಾಂಕಿನವರು ಕೇಳುವ ಉದ್ಯಮ್ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಅದಕ್ಕೆಂದು ಮಧ್ಯವರ್ತಿಗಳಿಗೆ ಹಣ ತೆರಬೇಡಿ. ಸಹಾಯಧನ ಸಿಗುತ್ತದೆಂಬ ಒಂದೇ ಕಾರಣಕ್ಕೆ ಯಂತ್ರ ಕೊಳ್ಳುವುದು ಸಲ್ಲದು. ಸಹಾಯಧನ ಹೋಗಿ ಉಳಿದ ಸಾಲದ ಕಂತನ್ನು ಕಟ್ಟಬೇಕಾದವರು ನೀವೇ.

ರೈತ ಬಾಂಧವರೇ, ರೈತ ಮಹಿಳೆಯರೇ, ನೆನಪಿನಲ್ಲಿಡಬೇಕಾದದ್ದು ಇಷ್ಟು. ಶುದ್ಧವಾದ ಕಾಳು, ಒಳ್ಳೆಯ ಬಿಸಿಲು, ಹದವಾದ ಉರಿ ಮಾಲ್ಟನ್ನು ರುಚಿಯಾಗಿಸುತ್ತವೆ. ಮನೆಯ ರಾಗಿಗೂ ಮನೆಯವರ ಬೆವರಿಗೂ ಸರಿಯಾದ ಬೆಲೆ ಕಟ್ಟಿದಾಗ ಅದು ಉದ್ದಿಮೆಯಾಗಿ ನಿಲ್ಲುತ್ತದೆ. ತಯಾರಿಕೆಯ ಪ್ರಾತ್ಯಕ್ಷಿಕೆ ಮತ್ತು ತರಬೇತಿಗಾಗಿ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಗೃಹ ವಿಜ್ಞಾನ ತಜ್ಞರನ್ನು ಸಂಪರ್ಕಿಸಬಹುದು. ಹೋಗುವ ಮುನ್ನ ನಿಮ್ಮ ಊರಿನ ದರಗಳನ್ನು ಹಾಕಿ ಮೇಲಿನ ಲೆಕ್ಕವನ್ನು ಒಮ್ಮೆ ಬರೆದುಕೊಂಡು ಹೋಗಿ.